ಯಾರ ಮುದ್ರೆ, ಯಾರ ಕಣ್ಗಾವಲು?

ವಾಲ್ಡನ್, ಕಪೆಲ್ಲಾದಂಥ ಅಮೆರಿಕದ ಆನ್‌ಲೈನ್ ವಿಶ್ವವಿದ್ಯಾಲಯಗಳು ತಮ್ಮದು ಮಾನ್ಯತೆ ಪಡೆದ ಸಂಸ್ಥೆ ಎಂದು ಹೇಳಿಕೊಳ್ಳುವುದರಲ್ಲಿ ಸುಳ್ಳಿಲ್ಲ. ಎರಡಕ್ಕೂ ಹೈಯರ್ ಲರ್ನಿಂಗ್ ಕಮಿಷನ್ನಿನ ಮುದ್ರೆ ಇದೆ. ಆದರೆ ಅದು ಇಡೀ ಸಂಸ್ಥೆಗೆ ಬಿದ್ದ ಮುದ್ರೆ. ರೋಗಿಗಳಿಗೆ ಚಿಕಿತ್ಸೆ ಕೊಡುವ ಮನೋವಿಜ್ಞಾನಿಯಾಗಲು ಹೊರಟವರು ಹುಡುಕಬೇಕಾದದ್ದು ಬೇರೆಯದು: ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ, ಒಂದೊಂದು ಕೋರ್ಸನ್ನೂ ತೂಗಿ ನೋಡಿ ಕೊಡುವ ಮಾನ್ಯತೆ. ಪೂರ್ತಿ ಆನ್‌ಲೈನಿನಲ್ಲೇ ಮುಗಿಯುವ ಡಾಕ್ಟರೇಟಿಗೆ ಅದು ಸಿಗುವುದಿಲ್ಲ.

ಇದು ಹಳಬರ ಹಟವೇ? ಒಂದಿಷ್ಟು ಹೌದು. ಸಂಖ್ಯಾಶಾಸ್ತ್ರದ ಪಾಠವನ್ನು ಮಕ್ಕಳು ಮಲಗಿದ ಮೇಲೆ ಮೂರು ಸಲ ಹಿಂದಕ್ಕೆ ಓಡಿಸಿ ಕೇಳುವವರು ತರಗತಿಯಲ್ಲಿ ತೂಕಡಿಸುವವರಿಗಿಂತ ಚೆನ್ನಾಗಿಯೇ ಕಲಿತಾರು. ಸಂಶೋಧನಾ ವಿಧಾನಕ್ಕೂ ಅಷ್ಟೇ, ಸಿದ್ಧಾಂತಗಳಿಗೂ ಅಷ್ಟೇ. ತೊಡಕು ಬರುವುದು ರೋಗಿ ಎದುರು ಕೂತಾಗ. ಬಾಯೇ ಬಿಡದ ಹುಡುಗನ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಸಾಯುವ ಮಾತೆತ್ತಿದವರಿಗೆ ಮೊದಲು ಏನು ಕೇಳಬೇಕು ಎಂಬುದನ್ನು ಕಲಿಯುವುದು ಅನುಭವಸ್ಥರ ಕಣ್ಣೆದುರು ತಪ್ಪಿ, ತಿದ್ದಿಸಿಕೊಂಡು. ಕ್ಯಾಲಿಫೋರ್ನಿಯಾ ಪರವಾನಗಿ ಕೊಡುವ ಮುನ್ನ ಇಂಥ ಮೇಲ್ವಿಚಾರಣೆಯ 3,000 ಗಂಟೆಗಳನ್ನು ಕೇಳುತ್ತದೆ. ವಾರಕ್ಕೆರಡು ಚರ್ಚಾ ಟಿಪ್ಪಣಿ ಬರೆದು ಅದನ್ನು ತುಂಬಿಸಲಾಗದು.

ಹಾಗೆಂದು ದೂರವೇ ಅಪರಾಧವಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 1974ರಲ್ಲಿ ಶುರುವಾದ ಫೀಲ್ಡಿಂಗ್ ಇದಕ್ಕೆ ಸಾಕ್ಷಿ. ನಡುವಯಸ್ಸಿನಲ್ಲಿ ಊರು, ಕೆಲಸ ಬಿಡಲಾಗದವರಿಗೆಂದೇ ಹುಟ್ಟಿದ ಈ ಸಂಸ್ಥೆಯ ಕ್ಲಿನಿಕಲ್ ಪಿಎಚ್.ಡಿ.ಗೆ ಎಪಿಎ 1991ರಲ್ಲೇ ಮಾನ್ಯತೆ ಕೊಟ್ಟಿತು. ವಿದ್ಯಾರ್ಥಿಗಳು ತಂತಮ್ಮ ಊರಲ್ಲೇ ಇರುತ್ತಾರೆ, ಆದರೆ ಅಧ್ಯಾಪಕರನ್ನು ಮುಖಾಮುಖಿ ಕಾಣಲೇಬೇಕು, ಕ್ಲಿನಿಕ್ಕಿನ ತರಬೇತಿಯನ್ನೂ ತಪ್ಪಿಸುವಂತಿಲ್ಲ.

ಇನ್ನು ದುಡ್ಡಿನ ಮಾತು. ಜಾಹೀರಾತುಗಳು ಮೆಲ್ಲಗೆ ಜಾರಿಕೊಳ್ಳುವುದು ಇಲ್ಲೇ. ಅಮೆರಿಕದ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳ ಪಿಎಚ್.ಡಿ.ಯಲ್ಲಿ ಸಾಮಾನ್ಯವಾಗಿ ಶುಲ್ಕ ಮಾಫಿ, ಜೊತೆಗೆ ಸ್ಟೈಪೆಂಡ್; ಬದಲಿಗೆ ಪಾಠ ಹೇಳುವ, ಪ್ರಯೋಗಾಲಯದಲ್ಲಿ ದುಡಿಯುವ ಚಾಕರಿ. ಸೀಟುಗಳೋ ಬೆರಳೆಣಿಕೆಯಷ್ಟು. ಆನ್‌ಲೈನ್ ಸಂಸ್ಥೆಯ ಬಾಗಿಲು ಅಗಲ, ಆದರೆ ಮಹಾಪ್ರಬಂಧ ಎಳೆದಷ್ಟೂ ಶುಲ್ಕ ಬೆಳೆಯುತ್ತದೆ. ತಡವಾದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. ವಾಲ್ಡನ್ ಮೇಲೆ ಹೂಡಿದ್ದ ಇಂಥದೇ ಒಂದು ಸಾಮೂಹಿಕ ದಾವೆ 2024ರಲ್ಲಿ 2.85 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಅದು ವ್ಯವಹಾರ ಆಡಳಿತದ ಡಾಕ್ಟರೇಟಿನದು, ಮನಃಶಾಸ್ತ್ರದ್ದಲ್ಲ. ಸಂಸ್ಥೆ ತಪ್ಪೊಪ್ಪಿಕೊಳ್ಳಲೂ ಇಲ್ಲ. ಆದರೂ ದೂರಿನ ತಿರುಳು ಮಹಾಪ್ರಬಂಧ ಹಂತದ ಕಾಲ ಮತ್ತು ಖರ್ಚಿನದೇ.

ಕಟ್ಟಡವಿದ್ದರೆ ಭದ್ರವೆಂದು ನಂಬುವವರು ಅಮೆರಿಕದ ಆರ್ಗೋಸಿ ವಿಶ್ವವಿದ್ಯಾಲಯವನ್ನು ನೆನೆಯಬೇಕು. ಕ್ಯಾಂಪಸ್ಸಿತ್ತು, ಎಪಿಎ ಮಾನ್ಯತೆಯ ಕೋರ್ಸುಗಳೂ ಇದ್ದವು. 2019ರ ಮಾರ್ಚಿನಲ್ಲಿ ಅದು ಬಾಗಿಲು ಹಾಕಿದಾಗ ವಿದ್ಯಾರ್ಥಿಗಳು ನಡುನೀರಲ್ಲಿ ಉಳಿದರು.

ಭಾರತದಲ್ಲಿ ಕೂತು ಇಂಥ ಪದವಿಯತ್ತ ಕಣ್ಣು ಹಾಯಿಸುವವರಿಗೆ ಲೆಕ್ಕ ಇನ್ನೂ ಬಿಗಿ. ಯುಜಿಸಿಯ 2022ರ ನಿಯಮ ಆನ್‌ಲೈನ್ ಪಿಎಚ್.ಡಿ.ಗೆ ಅವಕಾಶವನ್ನೇ ಕೊಡುವುದಿಲ್ಲ. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆಗೂಡಿ ಮಾರುವ ಇಂಥ ಪದವಿಗಳ ಬಗ್ಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುಜಿಸಿ, ಎಐಸಿಟಿಇ ಎಚ್ಚರಿಸಿದ್ದವು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಎರಡು ವರ್ಷ ವಾರ್ಡು, ಒಪಿಡಿ ಸುತ್ತಿ ಎಂ.ಫಿಲ್. ಮುಗಿಸಿದವರಿಗೆ ಸಿಗುವ ಕ್ಲಿನಿಕಲ್ ಸೈಕಾಲಜಿಸ್ಟ್ ನೋಂದಣಿ ಅಮೆರಿಕದ ಆನ್‌ಲೈನ್ ಪದವಿಪತ್ರ ತೋರಿಸಿದ ಮಾತ್ರಕ್ಕೆ ಸಿಗದು.

ಈಗಾಗಲೇ ಕೆಲಸದಲ್ಲಿದ್ದು ಬಡ್ತಿಗೋ ಬೋಧನೆಗೋ ಡಾಕ್ಟರೇಟ್ ಬೇಕೆನ್ನುವ, ಪರವಾನಗಿಯ ಹಂಗಿಲ್ಲದ ಅಮೆರಿಕದ ಉದ್ಯೋಗಿಗೆ ಆನ್‌ಲೈನ್ ದಾರಿ ಒಗ್ಗೀತು. ಅಲ್ಲೂ ಅಂಕಿ ಅಂಶ ಕೇಳಿಯೇ ಸೇರಬೇಕು. ಎಪಿಎ ಮಾನ್ಯತೆಯ ಪ್ರತಿ ಕೋರ್ಸೂ ಎಷ್ಟು ವರ್ಷ ಹಿಡಿಯಿತು, ಎಷ್ಟು ಖರ್ಚಾಯಿತು, ಎಷ್ಟು ಜನ ನಡುವೆ ಬಿಟ್ಟರು, ಎಷ್ಟು ಜನರಿಗೆ ಪರವಾನಗಿ ಸಿಕ್ಕಿತು ಎಂದು ಬಹಿರಂಗವಾಗಿ ಪ್ರಕಟಿಸಲೇಬೇಕು. ಆ ಮಾನ್ಯತೆ ಇಲ್ಲದ ಕೋರ್ಸುಗಳಿಗೆ ಎಪಿಎಯ ಈ ಕಟ್ಟಳೆ ಅನ್ವಯಿಸುವುದಿಲ್ಲ.