ಹ್ಯಾಪಿ ಕೋಡ್ ಹೇಳಿ ಮೇಡಂ

ಮಿಕ್ಸಿಯ ಮಧ್ಯಮ ಜಾರಿನ ತಳದಿಂದ ಕರಿ ನೀರು ಜಿನುಗಿ ಕಾಯಿಚಟ್ನಿ ಬೂದಿ ಬಣ್ಣಕ್ಕೆ ತಿರುಗಿದಾಗ, ಅದನ್ನು ಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಬೇರೆ ಹೆಸರು ಹಾಕಿಕೊಂಡು ಓದಿದರೂ ಕಥೆ ಹೆಚ್ಚು ಬದಲಾಗದು. ನಮ್ಮ ಬೀದಿಯ ರಿಪೇರಿಯವನು ಜಾರನ್ನು ಬೋರಲು ಹಾಕಿ, ಬ್ಲೇಡನ್ನು ಬೆರಳಲ್ಲಿ ಅಲ್ಲಾಡಿಸಿ, ಬುಷ್ ಸವೆದಿದೆ ಅಂದ. ‘ನೂರೈವತ್ತು ಕೊಡಿ, ಸಂಜೆಗೆ ರೆಡಿ.’ ವಾರಂಟಿ ಇರುವಾಗ ನೂರೈವತ್ತು ಯಾಕೆ ದಂಡ ಎಂದುಕೊಂಡು ಜಾರನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದೆ. ಆಮೇಲೆ ಏಳು ವಾರ, ತಯಾರಕರಿಗೆ ದೂರು ಕೊಡುವುದು ಎಂಬ ಪದ್ಧತಿಯನ್ನು ಒಳಗೆ ನಿಂತು ನೋಡಿದೆ. ನಾಟಕವನ್ನು ವಿಮರ್ಶಿಸಿದ ಹಾಗೆ ಅದನ್ನೂ ವಿಮರ್ಶಿಸಬಹುದು. ಅದಕ್ಕೂ ಪಾತ್ರಗಳಿವೆ, ರಂಗಸಜ್ಜಿಕೆಯಿದೆ, ಬಾಯಿಪಾಠದ ಸಂಭಾಷಣೆಯಂತೂ ಧಾರಾಳವಾಗಿದೆ.

ಈ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ದೂರು ನಮ್ಮದೇ ಮಾತು, ಅದರಲ್ಲಿ ನಿಂದೆಯ ಎಳೆಯೂ ಇದೆ. ಕಚೇರಿಯ ಬಳಕೆಗೆ ಪಾರಸಿ, ಅರಬ್ಬಿಯಿಂದ ಬಂದು ಕೂತವು ಇನ್ನೂ ಮೂರು: ಫಿರ್ಯಾದು, ಅಹವಾಲು, ತಕರಾರು. ಫಿರ್ಯಾದು ಅಂದರೆ ಮೂಲದಲ್ಲಿ ಮೊರೆ. ಅಹವಾಲು ಅಂದರೆ ಇರುವ ಸ್ಥಿತಿಗತಿ. ತಕರಾರಿನ ಮೂಲಾರ್ಥ ಹೇಳಿದ್ದನ್ನೇ ಮತ್ತೆ ಹೇಳುವುದು. ಟೋಲ್‌ಫ್ರೀ ಸಂಖ್ಯೆಗೆ ಒಂದು ವಾರ ಕರೆ ಮಾಡಿದವರಿಗೆ ಆ ಅರಬ್ಬಿ ಪದದ ಬಗ್ಗೆ ಭಕ್ತಿ ಹುಟ್ಟದೆ ಇರದು.

ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ ಎಂದಿತು, ಒತ್ತಿದೆ. ಸಾಕಷ್ಟು ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗ ಹಿಂದಿಯಲ್ಲಿ ನಮಸ್ಕಾರ ಹೇಳಿದ. ಮೊಬೈಲ್ ನಂಬರು, ಪಿನ್‌ಕೋಡು, ಮಾಡೆಲ್ಲು, ಕೊಂಡ ತಾರೀಖು. ಎರಡನೇ ಕರೆಗೆ ಒಬ್ಬ ಹುಡುಗಿ. ಮತ್ತೆ ಮೊಬೈಲ್ ನಂಬರು, ಪಿನ್‌ಕೋಡು, ಮಾಡೆಲ್ಲು, ತಾರೀಖು. ಐದನೆಯ ಕರೆಯ ಹೊತ್ತಿಗೆ ಸೀರಿಯಲ್ ನಂಬರು ನನಗೆ ಮಗ್ಗಿಯಂತೆ ಬಾಯಿಗೆ ಬಂದಿತ್ತು. ಈ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿನ ಪರದೆಯಲ್ಲಿ ‘ಆನ್ ಆಗುತ್ತಿಲ್ಲ’ ಎಂದಿದೆ, ‘ಶಬ್ದ ಬರುತ್ತಿದೆ’ ಎಂದಿದೆ, ಕೊನೆಗೆ ‘ಇತರೆ’ ಎಂದಿದೆ. ಚಟ್ನಿ ಕಪ್ಪಾಯಿತು ಎನ್ನುವುದು ಇತರೆ. ನಾನು ಹೇಳಿದ್ದು ಅಹವಾಲು, ಅವರು ಬರೆದುಕೊಂಡದ್ದು ಒಂದು ಅಂಕಿ. ಕರೆ ಮುಗಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದೂ ಆ ಅಂಕಿಯೊಂದೇ. ಏನು ಹೇಳಿದೆ, ಅವರು ಏನು ಒಪ್ಪಿದರು ಎನ್ನುವುದೆಲ್ಲ ಅವರ ಧ್ವನಿಮುದ್ರಣದಲ್ಲಿದೆ, ‘ತರಬೇತಿ ಮತ್ತು ಗುಣಮಟ್ಟದ ಉದ್ದೇಶಕ್ಕಾಗಿ’. ಕಾಗದ ಬರೆದರೆ ಅದೇ ವಾಕ್ಯ ಇಬ್ಬರ ಬಳಿಯೂ ಇರುತ್ತದೆ. ಫೋನಿನ ದೂರಿನಲ್ಲಿ ಪಠ್ಯ ಒಬ್ಬರದೇ ಸೊತ್ತು. ಈ ಪದ್ಧತಿಯ ಮೊದಲ ದೋಷ ಇದು, ಉಳಿದವೆಲ್ಲ ಇದರ ಮರಿಗಳು.

ಹತ್ತನೆಯ ದಿನ ಸರ್ವಿಸ್ ಹುಡುಗ ಬಂದ. ಬೈಕಿನ ಹಿಂದೆ ದೊಡ್ಡ ಚೀಲ, ಕಿವಿಯಲ್ಲಿ ಇನ್ನೊಂದು ಮನೆಯ ಕರೆ. ಜಾರನ್ನು ನೋಡಿ ‘ಮಿಸ್‌ಹ್ಯಾಂಡ್ಲಿಂಗ್’ ಅಂದ. ಐದು ನಿಮಿಷ ಓಡಿಸಿದರೆ ಎರಡು ನಿಮಿಷ ನಿಲ್ಲಿಸಬೇಕಂತೆ. ಹೌದು, ಕೈಪಿಡಿಯಲ್ಲಿ ಹಾಗಿದೆ. ಮನೆ ಮಿಕ್ಸಿಯ ಮೋಟಾರಿಗೆ ಹೇಳುವ ಅರ್ಧ ಗಂಟೆಯ ರೇಟಿಂಗಿನ ಲೆಕ್ಕವೇ ಅದು. ಆದರೆ ಆ ನಿಯಮ ಮೋಟಾರು ಬಿಸಿಯಾಗುವುದಕ್ಕೆ ಸಂಬಂಧಿಸಿದ್ದು. ಮೋಟಾರು ಬಿಸಿಯಾದರೆ ಅಡಿಯಲ್ಲಿರುವ ಕೆಂಪು ಗುಂಡಿ ಹಾರಿ ಯಂತ್ರ ನಿಲ್ಲುತ್ತದೆ, ಜಾರು ಸೋರುವುದಿಲ್ಲ. ಇದನ್ನು ಹೇಳಿದೆ. ಆತ ನಕ್ಕು, ಪಾರ್ಟು ಆರ್ಡರ್ ಮಾಡ್ತೀನಿ ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಹ್ಯಾಪಿ ಕೋಡ್ ಹೇಳಿ ಮೇಡಂ’ ಅಂದ.

ಹ್ಯಾಪಿ ಕೋಡ್ ಗೊತ್ತಿಲ್ಲದವರಿಗೆ: ದೂರು ದಾಖಲಾದಾಗ ನಮ್ಮ ಮೊಬೈಲಿಗೆ ಬರುವ ಒಂದು ಗುಟ್ಟಿನ ಅಂಕಿ. ಕೆಲಸ ತೃಪ್ತಿಯಾಗಿ ಮುಗಿದರೆ ಮಾತ್ರ ಗ್ರಾಹಕ ಅದನ್ನು ಹೇಳಬೇಕು, ಹೇಳಿದ ಮೇಲೆಯೇ ದೂರು ಮುಚ್ಚಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಬೀಗದ ಕೈ ಗ್ರಾಹಕನ ಬಳಿಯೇ ಇದೆ. ಹೊಸ್ತಿಲ ಮೇಲೆ ಅದು ಬೇರೆಯೇ ಆಗುತ್ತದೆ. ‘ಇವತ್ತು ಕ್ಲೋಸ್ ಆಗದಿದ್ರೆ ನನ್ನ ಇನ್ಸೆಂಟಿವ್ ಕಟ್ ಆಗುತ್ತೆ ಮೇಡಂ, ಪಾರ್ಟು ಬಂದ ತಕ್ಷಣ ನಾನೇ ತಂದು ಹಾಕ್ತೀನಿ.’ ಬಿಸಿಲಲ್ಲಿ ಬಂದ ಹುಡುಗ, ಕೈಯಲ್ಲಿ ನಮ್ಮನೆಯ ನೀರಿನ ಲೋಟ. ಕೋಡ್ ಹೇಳಿಬಿಟ್ಟೆ. ಅವನು ಗೇಟು ದಾಟುವ ಮೊದಲೇ ‘ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ’ ಎಂದು ಸಂದೇಶ ಬಂತು, ಜೊತೆಗೆ ಐದು ನಕ್ಷತ್ರಗಳ ಬೇಡಿಕೆ. ಕಂಪನಿಯ ಲೆಕ್ಕದಲ್ಲಿ ನಾನು ಹ್ಯಾಪಿ. ಕಂಪನಿಗೂ ಗ್ರಾಹಕನಿಗೂ ಇರಬೇಕಾದ ಜಗಳವನ್ನು ಹೀಗೆ ದಿನಗೂಲಿಯಂತೆ ದುಡಿಯುವ ಹುಡುಗನಿಗೂ ನಮಗೂ ನಡುವಿನ ಮುಲಾಜಾಗಿ ಬದಲಿಸಿದ್ದು ಈ ಪದ್ಧತಿಯ ಅತ್ಯಂತ ಜಾಣ ಅಂಶ, ಅತ್ಯಂತ ಕೆಟ್ಟ ಅಂಶವೂ ಅದೇ.

ಇನ್ನು ವಾರಂಟಿ ಕಾರ್ಡು. ಗದ್ಯಶಿಲ್ಪವಾಗಿ ಅದು ಮೆಚ್ಚತಕ್ಕದ್ದು. ಡಬ್ಬದ ಮೇಲೆ ಹಪ್ಪಳದಷ್ಟು ದೊಡ್ಡ ‘5 ವರ್ಷ’, ಅದರ ಅಡಿಯಲ್ಲಿ ಸಾಸಿವೆಯಷ್ಟು ಚಿಕ್ಕ ‘ಮೋಟಾರಿಗೆ ಮಾತ್ರ’. ಮಿಕ್ಕಿದ್ದಕ್ಕೆ ಎರಡು ವರ್ಷ. ಒಳಗಿನ ಕಾರ್ಡಿನಲ್ಲಿ ಸವೆಯುವ ಭಾಗಗಳು ಹೊರತು: ಬುಷ್, ಕಪ್ಲರ್, ಗ್ಯಾಸ್ಕೆಟ್, ಕಾರ್ಬನ್ ಬ್ರಷ್. ಕಾರ್ಬನ್ ಬ್ರಷ್ ಮುಟ್ಟದಿದ್ದರೆ ತಿರುಗುವ ಸುರುಳಿಗೆ ವಿದ್ಯುತ್ತೇ ಹೋಗದು. ಅಂದರೆ ಮೋಟಾರಿಗೆ ಐದು ವರ್ಷದ ಭರವಸೆ, ಅದು ತಿರುಗುತ್ತದೆ ಎನ್ನುವುದಕ್ಕೆ ಇಲ್ಲ. ಕೊನೆಯ ಸಾಲಿನಲ್ಲಿ, ಎಲ್ಲ ವ್ಯಾಜ್ಯಗಳೂ ಇಂಥ ಊರಿನ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ ಎಂದು ನಾನೆಂದೂ ನೋಡದ ಒಂದು ಊರಿನ ಹೆಸರು. ಅಂಗಡಿಯ ಬಿಲ್ಲಿನ ಅಡಿಯಲ್ಲಿ ನಮ್ಮ ಹಳೆಯ ಪರಿಚಯದ ವಾಕ್ಯ: ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ.

ಈ ಎರಡೂ ಸಾಲುಗಳು ನಮ್ಮನ್ನು ಹೆದರಿಸುವಷ್ಟು ಗಟ್ಟಿಯಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು ಎಂದು ಅದು ಹೇಳುತ್ತದೆ, ಹಾಗಾಗಿ ಹಾಸನದವರು ಮುಂಬೈಗೆ ಹೋಗಬೇಕಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದೂ ಆ ಪಟ್ಟಿಯಲ್ಲಿದೆ. ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಒಂದು ಸೂಕ್ಷ್ಮ ನೆನಪಿರಲಿ: ಮಿಕ್ಸಿ ಸಿಡಿದು ಕೈಗೆ ಗಾಯವಾದರೆ ಅದು ಉತ್ಪನ್ನ ಹೊಣೆಗಾರಿಕೆಯ ಪ್ರಕರಣ, ಮಿಕ್ಸಿಯೇ ಕೆಟ್ಟು ಕೂತರೆ ಅಲ್ಲ. ಆಗ ಕೇಳಬೇಕಾದ್ದು ದುರಸ್ತಿ, ಬದಲಿ, ಇಲ್ಲವೇ ದುಡ್ಡು ವಾಪಸ್.

ಕಾಯ್ದೆಯನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಪು ಕೊಡಲು ಪ್ರಯತ್ನಿಸಬೇಕು ಎಂದು ಅದರಲ್ಲಿದೆ. ‘ಪ್ರಯತ್ನಿಸಬೇಕು’ ಎಂಬ ಪದವನ್ನು ಅಂಡರ್‌ಲೈನ್ ಮಾಡಿ ಓದಿ. ಫ್ರಿಜ್ಜಿಗೆ, ಕಾರಿಗೆ ಆ ಓಡಾಟ ಸರಿ. ಒಂದು ಜಾರಿಗಾಗಿ ರಜೆ ಹಾಕಿ ಕೂರುವವರು ಎಷ್ಟು ಜನ? ಇದು ಕಂಪನಿಗಳಿಗೂ ಗೊತ್ತು. ಬೆಲೆ ಕಡಿಮೆಯಾದಷ್ಟೂ ಕಂಪನಿ ನಿಶ್ಚಿಂತ.

ನಮ್ಮ ಕಡೆಯ ತಪ್ಪನ್ನೂ ಬರೆಯಬೇಕು. ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಬೇಡ ಎನ್ನುವವರು ನಾವೇ. ಆಮೇಲೆ ದೂರು ಬರೆಯಲು ಕೂತರೆ ಹರಿಕಥೆ. ನಾನು ಕಳಿಸಿದ ಮೊದಲ ಪತ್ರ ಒಂದೂವರೆ ಪುಟದ್ದು. ಅದರಲ್ಲಿ ನನ್ನ ಅಜ್ಜಿಯ ಒರಳುಕಲ್ಲು ಇತ್ತು, ಅದು ನುಣುಪಾದಾಗ ಉಳಿ ಹಿಡಿದು ಬಂದು ಕುಟ್ಟಿಕೊಡುತ್ತಿದ್ದ ಕಲ್ಲುಕುಟಿಗನಿದ್ದ, ‘ಗ್ರಾಹಕರ ನಂಬಿಕೆಗೆ ದ್ರೋಹ’ ಎಂಬ ಮಾತಿತ್ತು. ಮಾಡೆಲ್ ನಂಬರು ಇರಲಿಲ್ಲ. ಉತ್ತರವೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಎರಡನೆಯದು ಹನ್ನೊಂದು ಸಾಲು: ಬಿಲ್ ನಂಬರು ಮತ್ತು ತಾರೀಖು, ಸೀರಿಯಲ್ ನಂಬರು, ಕರೆ ಮಾಡಿದ ದಿನಗಳು, ಅವರೇ ಕೊಟ್ಟ ಅಂಕಿಗಳು, ಹುಡುಗ ಬಂದ ದಿನ ಮತ್ತು ಅಂದ ಮಾತು, ಕೆಲಸವಾಗದೆ ದೂರು ಮುಚ್ಚಿದ್ದು, ಕಪ್ಪು ಚಟ್ನಿಯ ಫೋಟೊ. ನಾಲ್ಕು ತಿಂಗಳಲ್ಲಿ ಹೋದ ಬುಷ್ ಸವೆದದ್ದಲ್ಲ, ಮೊದಲಿನಿಂದಲೂ ದೋಷವಿದ್ದದ್ದು ಎಂಬ ಒಂದೇ ವಾದ. ಹೊಸ ಜಾರು ಬೇಕು, ಹದಿನೈದು ದಿನದೊಳಗೆ, ತಪ್ಪಿದರೆ ಜಿಲ್ಲಾ ಆಯೋಗ. ಇಮೇಲ್ ಮಾಡಿ, ಅದರ ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿ, 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದಾಖಲಿಸಿದೆ. ಒಂದು ವಿಶೇಷಣವಿಲ್ಲ, ಒಂದು ಆಶ್ಚರ್ಯಸೂಚಕವಿಲ್ಲ. ನಾನು ಬರೆದ ಅತ್ಯುತ್ತಮ ಗದ್ಯ ಅದೇ ಇರಬಹುದು ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ, ನನಗೂ ಅನುಮಾನವಿದೆ.

ಒಂಬತ್ತನೆಯ ದಿನ ಫೋನು ಬಂತು. ಈ ಸಲ ಕರೆ ಮಾಡಿದವರು ಮ್ಯಾನೇಜರು, ಮಾತು ಕನ್ನಡದಲ್ಲೇ. ಸಂಜೆ ಅದೇ ಹುಡುಗ ಹೊಸ ಜಾರು ತಂದ. ಹ್ಯಾಪಿ ಕೋಡ್ ಕೇಳಿದ. ನೀರು ಹಾಕಿ ಎರಡು ನಿಮಿಷ ಓಡಿಸಿ, ತಳಕ್ಕೆ ಒಣ ಬಟ್ಟೆ ಒತ್ತಿ ನೋಡಿ, ಆಮೇಲೆ ಹೇಳಿದೆ. ಮುಚ್ಚಳ ವಾರಂಟಿಯಲ್ಲಿ ಬರುವುದಿಲ್ಲವಂತೆ, ಹಳೆಯದನ್ನೇ ಬಿಟ್ಟುಹೋದ. ಹೊಸ ಜಾರಿಗೆ ಅದು ಸರಿಯಾಗಿ ಕೂರುವುದಿಲ್ಲ, ಚಟ್ನಿ ರುಬ್ಬುವಾಗ ಅಂಗೈಯಲ್ಲಿ ಒತ್ತಿ ಹಿಡಿದಿರಬೇಕು.