ನನಗೆ ಬಿದ್ದ ಕನಸು, ನಾನು ಕಂಡ ಕನಸು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ನಾವು ಕನಸು ಕಾಣುವುದು ಕಡಿಮೆ, ನಮಗೆ ಕನಸು ಬೀಳುತ್ತವೆ. ‘ರಾತ್ರಿ ಒಂದ ಕನಸ ಬಿದ್ದಿತ್ತ ನೋಡ್ರಿ’ ಎಂದೇ ಮಾತು ಶುರುವಾಗುತ್ತದೆ. ನಿಪ್ಪಾಣಿ, ಕಾಗವಾಡದಲ್ಲಿ ಮನೆಯೊಳಗೆ ಮರಾಠಿ ಆಡುವವರೂ ‘ಮಲಾ ಸ್ವಪ್ನ ಪಡಲಂ’ ಅನ್ನುತ್ತಾರೆ. ಗಡಿಯ ತಕರಾರು ಎಷ್ಟೇ ಇರಲಿ, ಈ ಒಂದು ವಿಷಯದಲ್ಲಿ ಎರಡೂ ಭಾಷೆಗೆ ಒಂದೇ ವ್ಯಾಕರಣ. ಕನಸಿನ ಮುಂದೆ ಮನುಷ್ಯ ‘ನಾನು’ ಅಲ್ಲ, ‘ನನಗೆ’.

ಸ್ಟೀಫನ್ ಲಾಬರ್ಜ್ ಮತ್ತು ಹೊವರ್ಡ್ ರೈನ್‌ಗೋಲ್ಡ್ 1990ರಲ್ಲಿ ಪ್ರಕಟಿಸಿದ ‘ಎಕ್ಸ್‌ಪ್ಲೋರಿಂಗ್ ದಿ ವರ್ಲ್ಡ್ ಆಫ್ ಲೂಸಿಡ್ ಡ್ರೀಮಿಂಗ್’ ಓದುವಾಗ ನನ್ನನ್ನು ಕಾಡಿದ್ದು ಈ ವಿಭಕ್ತಿಯೇ. ಕನಸಿನೊಳಗಿದ್ದುಕೊಂಡೇ ಇದು ಕನಸೆಂದು ಅರಿಯುವುದನ್ನು ಕಲಿಸುವ ಪುಸ್ತಕ ಅದು. ಬುರುಡೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕನ ಮುಂದೆ ಮಲಗಿದ್ದ ಅಲನ್ ವರ್ಸ್ಲಿ, ನಿದ್ದೆಯೊಳಗಿಂದಲೇ ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆಗಳನ್ನು ಎಡಬಲಕ್ಕೆ ಆಡಿಸಿ ಸನ್ನೆ ಕೊಟ್ಟ. ಕನಸಿನ ಹೊತ್ತಿನಲ್ಲಿ ಮೈ ಮರಗಟ್ಟಿದರೂ ಕಣ್ಣು ಆಡುತ್ತಿರುತ್ತದೆ. ಲಾಬರ್ಜ್ ತಾನೂ ಸ್ಟ್ಯಾನ್‌ಫರ್ಡ್‌ನಲ್ಲಿ ಇದನ್ನೇ ಸಾಧಿಸಿ 1980ರಲ್ಲಿ ಡಾಕ್ಟರೇಟ್ ಪಡೆದ.

ಅವನ ವಿಧಾನ ಸರಳ. ತಲೆದಿಂಬಿನ ಪಕ್ಕ ನೋಟ್‌ಬುಕ್ಕು ಇಟ್ಟು ಎದ್ದಕೂಡಲೇ ಕನಸು ಬರೆಯಬೇಕು. ನಡುರಾತ್ರಿ ಎಚ್ಚರವಾದರೆ ಆಗಷ್ಟೇ ಬಿದ್ದ ಕನಸನ್ನು ನೆನೆದು, ‘ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನಪಾಗಲಿ’ ಎಂದು ಸಂಕಲ್ಪಿಸಿ ಮತ್ತೆ ಮಲಗಬೇಕು. ಹಗಲಲ್ಲಿ ಯಾವುದೇ ಬರಹವನ್ನು ಎರಡು ಸಲ ಓದುವ ರೂಢಿ ಬೇಕು, ಏಕೆಂದರೆ ಕನಸಿನಲ್ಲಿ ಎರಡನೆಯ ಓದಿಗೆ ಅಕ್ಷರ ಬದಲಾಗಿರುತ್ತದೆ. (ನಿಪ್ಪಾಣಿ ಪೇಟೆಯಲ್ಲಿ ಈ ಪರೀಕ್ಷೆ ನಡೆಯದು. ಒಂದೇ ಅಂಗಡಿಯ ಹೆಸರು ಮೊದಲ ಸಲ ಕನ್ನಡ, ಕಣ್ಣು ಸರಿಸಿದರೆ ಮರಾಠಿ.)

ನೆನಪಿನ ಅಭ್ಯಾಸ ಹೇಳುವ ಪುಟಗಳು ಅಪ್ಪಟ ಚಿನ್ನ. ಕೆಟ್ಟ ಕನಸಿಗೆ ಬೆದರಿ ಎದ್ದು ಕೂರುವವರಿಗೆ, ಅಟ್ಟಿಸಿಕೊಂಡು ಬರುವುದರ ಕಡೆ ತಿರುಗಿ ನಿಲ್ಲಿ ಎನ್ನುವ ಸಲಹೆಯೂ ದೊಡ್ಡದು. ಹಾರಿ, ಬೇಕಾದ್ದು ಮಾಡಿ, ಬೇಕಾದವರನ್ನು ಕರೆಸಿಕೊಳ್ಳಿ ಎನ್ನುವಲ್ಲಿ ಮಾತ್ರ ಪುಸ್ತಕ ತೆಳುವಾಗುತ್ತದೆ. ಮೂರು ತಿಂಗಳ ಅಭ್ಯಾಸದ ಮೇಲೆ ಒಂದು ಬೆಳಗಿನ ಜಾವ ಅಥಣಿ ಬಸ್ ನಿಲ್ದಾಣದ ಬೋರ್ಡು ಎರಡನೆಯ ಓದಿಗೆ ಬದಲಾಯಿತು. ಕನಸೆಂದು ತಿಳಿಯಿತು. ಬೆಂಚಿನ ಮೇಲೆ ತೀರಿಹೋದ ನಮ್ಮ ಆಯಿ ಕೂತಿದ್ದಳು. ಹಿಂದೆ ಎಷ್ಟೋ ಸಲ ಕನಸಿನಲ್ಲಿ ಬಂದು ‘ಊಟಾ ಮಾಡಿದೇನಪಾ?’ ಎಂದಷ್ಟೇ ಕೇಳಿ ಹೋದವಳು. ಈ ಸಲ ನಾನು, ಪುಸ್ತಕ ಹೇಳಿದಂತೆ, ಕೇಳಬೇಕೆಂದಿದ್ದನ್ನು ಕೇಳಿದೆ. ಉತ್ತರ ಕೊಟ್ಟಳು, ಬದುಕಿದ್ದಾಗ ಎಂದೂ ಆಡದ ಪುಸ್ತಕದ ಕನ್ನಡದಲ್ಲಿ. ಅದು ನನ್ನದೇ ಉತ್ತರ. ‘ನನಗೆ’ ಬಿದ್ದಿದ್ದರೆ ಅವಳು ಆಯಿಯಾಗಿಯೇ ಉಳಿಯುತ್ತಿದ್ದಳು.

ಪಂಪನ ‘ಆದಿಪುರಾಣ’ (941) ನೆನಪಾಗುವುದು ಇಲ್ಲೇ. ಮರುದೇವಿ ಹದಿನಾರು ಕನಸು ಕಾಣುತ್ತಾಳೆ: ಆನೆ, ಎತ್ತು, ಸಿಂಹ, ಜೋಡಿ ಮೀನು, ಹೊಗೆಯಿಲ್ಲದ ಬೆಂಕಿ. ಕೊನೆಗೆ ವೃಷಭವೊಂದು ಅವಳ ಬಾಯನ್ನು ಹೊಗುತ್ತದೆ. ಲಾಬರ್ಜ್ ಅರ್ಥದಲ್ಲಿ ಇದು ಎಚ್ಚರದ ಕನಸಲ್ಲ. ಆದರೆ ಕಂಡದ್ದರಲ್ಲಿ ಒಂದೂ ಅವಳಿಗೆ ಮಸುಕಿಲ್ಲ, ಒಂದನ್ನೂ ಅವಳು ಬದಲಿಸಲು ಹೋಗುವುದಿಲ್ಲ. ಎದ್ದ ಮೇಲೆ ನಾಭಿರಾಜನ ಬಳಿಗೆ ಹೋಗಿ ಒಂದೊಂದಾಗಿ ಹೇಳುತ್ತಾಳೆ. ಕನಸಿನ ಅರ್ಧ ಪಾಲು ಆ ಹೇಳುವಿಕೆಯಲ್ಲಿದೆ. ನಮ್ಮ ಭಾಗದ ಜೈನರ ಊರುಗಳಲ್ಲಿ ಪಂಚಕಲ್ಯಾಣ ಪೂಜೆ ನಡೆದಾಗ ಗರ್ಭಕಲ್ಯಾಣದ ದಿನ ಈ ಹದಿನಾರನ್ನೂ ವೇದಿಕೆಯ ಮೇಲೆ ತೋರಿಸುತ್ತಾರೆ. ಒಬ್ಬಳ ಕನಸನ್ನು ಊರೆಲ್ಲ ಕೂತು ನೋಡುತ್ತದೆ.

ಲಾಬರ್ಜ್ ಲೋಕದಲ್ಲಿ ನಾಭಿರಾಜನಿಗೆ ಕೆಲಸ ಕಡಿಮೆ. ಕಾಣುವವನೂ ಆಳುವವನೂ ಒಬ್ಬನೇ. ನಾನು ಸಂಕಲ್ಪ ಬಿಟ್ಟು ನೋಟ್‌ಬುಕ್ಕು ಉಳಿಸಿಕೊಂಡಿದ್ದೇನೆ. ಬೆಳಿಗ್ಗೆ ಚಹಾದ ಹೊತ್ತಿಗೆ ಓದಿ ಹೇಳುತ್ತೇನೆ. ಹೆಂಡತಿ ಅರ್ಧಕ್ಕೇ ತಡೆದು ತನಗೆ ಬಿದ್ದದ್ದನ್ನು ಶುರುಮಾಡುತ್ತಾಳೆ.