ಕೂಟಶಾಸನಗಳೂ ಕೂಟಪತ್ರಿಕೆಗಳೂ

ಪ್ರಾಚೀನ ದಾನಶಾಸನಗಳಲ್ಲಿ ಕೆಲವು ಖೋಟಾ ಎಂಬುದು ಶಾಸನಾಭ್ಯಾಸಿಗಳಿಗೆ ಹೊಸ ಸಂಗತಿಯಲ್ಲ. ಭೂಮಿಯ ಮೇಲೆ ಹಕ್ಕನ್ನು ಸಾಧಿಸುವುದಕ್ಕಾಗಿ, ಎಂದೋ ಗತಿಸಿಹೋದ ಅರಸನ ಹೆಸರಿನಲ್ಲಿ ತಾಮ್ರದ ಹಲಗೆಗಳನ್ನು ಕೊರೆಯಿಸಿ, ಬಳೆಯನ್ನು ಪೋಣಿಸಿ, ಮುದ್ರೆಯನ್ನೊತ್ತಿಸಿ ಮನೆಯಲ್ಲಿಟ್ಟುಕೊಂಡವರು ಹಿಂದೆ ಇದ್ದರು. ಇಂತಹವಕ್ಕೆ ಕೂಟಶಾಸನಗಳೆಂದು ಹೆಸರು. ನೋಡುವ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುವುದು, ಪ್ರಶಸ್ತಿಯುಂಟು, ವಂಶಾವಳಿಯುಂಟು, ಸಾಕ್ಷಿಗಳುಂಟು, ದಾನವನ್ನು ಕೆಡಿಸಿದವನಿಗೆ ಶಾಪವೂ ಉಂಟು, ಇಲ್ಲದಿರುವುದು ದಾನವೊಂದೇ. ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ಸಂಶೋಧನ ವಿದ್ಯಾರ್ಥಿಗಳಿಗೂ ಮೊಬೈಲಿನ ಮೂಲಕ ಬಂದು ಬೀಳುತ್ತಿರುವ ಕೆಲವು 'ಅಂತಾರಾಷ್ಟ್ರೀಯ' ವಿದ್ವತ್ಪತ್ರಿಕೆಗಳ ಕರೆಯೋಲೆಗಳನ್ನು ನೋಡಿದಾಗ ಈ ಕೂಟಶಾಸನಗಳು ತಾವಾಗಿ ನೆನಪಿಗೆ ಬರುವುವು. ಅಲ್ಲಿಯೂ ಎಲ್ಲವೂ ಉಂಟು. ಐ.ಎಸ್.ಎಸ್.ಎನ್. ಎಂಬ ಸಂಖ್ಯೆಯುಂಟು, ದೇಶವಿದೇಶಗಳ ಸಂಪಾದಕರ ಹೆಸರುಗಳುಂಟು, 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಅಂಕಿಯುಂಟು, ಮೂರು ದಿನಗಳಲ್ಲಿ ಪ್ರಕಟಿಸುವೆವೆಂಬ ಅಭಯವುಂಟು, ಹಣ ಸಲ್ಲಿಸಬೇಕಾದ ಖಾತೆಯೂ ಉಂಟು. ಲೇಖನವನ್ನು ಓದಿ ತೂಗಿ ನೋಡುವವನೊಬ್ಬ ಮಾತ್ರ ಇಲ್ಲ.

ಹೋಲಿಕೆಯನ್ನು ಅಲಂಕಾರಕ್ಕಾಗಿ ತಂದುದಲ್ಲ. ಕೂಟಶಾಸನಗಳ ವಿಚಾರವಾಗಿಯೇ ನಮ್ಮ ನಾಡಿನಲ್ಲಿ ಒಂದು ಮಹತ್ತಾದ ವಿದ್ವದ್ವಿವಾದವು ನಡೆದಿರುವುದು. ಸಂತೆಮರಹಳ್ಳಿಯಿಂದ ಮೂಗೂರು ಮಾರ್ಗವಾಗಿ ಹೊರಟವರಿಗೆ ಗಂಗರ ತಲಕಾಡು ಬಹುದೂರದ್ದಲ್ಲವಾದುದರಿಂದ, ಆ ವಿವಾದದಲ್ಲಿ ನಮ್ಮ ಸೀಮೆಯವರಿಗೆ ವಿಶೇಷವಾದ ಆಸಕ್ತಿಯಿರತಕ್ಕದ್ದೇ. ಬಿ. ಎಲ್. ರೈಸ್ ಸಾಹೇಬರು 1872ರಲ್ಲಿ, ಆಗತಾನೇ ಹುಟ್ಟಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯ ಮೊದಲ ಸಂಪುಟದಲ್ಲಿ, ಗಂಗರ ಮಡಿಕೇರಿ ತಾಮ್ರಪಟಗಳನ್ನು ಪ್ರಕಟಿಸಿದರು. ಅನಂತರ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಗಂಗರ ಇನ್ನೂ ಅನೇಕ ಶಾಸನಗಳು ಬೆಳಕಿಗೆ ಬಂದುವು. ಇವುಗಳನ್ನಾಧರಿಸಿ ರೈಸರು ಗಂಗರ ವಂಶಾವಳಿಯನ್ನು ಕಟ್ಟಿದರು. ಜೆ. ಎಫ್. ಫ್ಲೀಟ್ ಸಾಹೇಬರು ಇದನ್ನೊಪ್ಪಲಿಲ್ಲ. ಲಿಪಿಯು ಹೇಳಿದ ಕಾಲಕ್ಕೆ ಹೊಂದುವುದಿಲ್ಲ, ತಿಥಿವಾರಗಳು ಗಣಿತಕ್ಕೆ ಸರಿಬರುವುದಿಲ್ಲ, ಒಂದರ ವಂಶಾವಳಿಗೂ ಮತ್ತೊಂದರದಕ್ಕೂ ಹೊಂದಿಕೆಯಿಲ್ಲ ಎಂಬ ಕಾರಣಗಳಿಂದ ಗಂಗರ ಆದಿಕಾಲದ ತಾಮ್ರಪಟಗಳನ್ನು ಅವರು ಕೃತಕವೆಂದು ತಳ್ಳಿಹಾಕಿದರು. 1901ರಲ್ಲಿ ಅದೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಭಾರತದ ಖೋಟಾ ಶಾಸನಗಳ ದೀರ್ಘವಾದ ಪಟ್ಟಿಯನ್ನೇ ಅಚ್ಚುಹಾಕಿಸಿದರು.

ರೈಸರು ಸುಮ್ಮನಾಗಲಿಲ್ಲ. ತಮ್ಮ ಸಂಪುಟಗಳ ಪೀಠಿಕೆಗಳಲ್ಲಿಯೂ, ಶಾಸನಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಚರಿತ್ರೆಯನ್ನು ಕುರಿತು 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಇಬ್ಬರದೂ ಹಟದ ಸ್ವಭಾವವೇ. ನಮ್ಮ ಅಭಿಪ್ರಾಯದಲ್ಲಿ ರೈಸರದು ನಂಬುವುದರಲ್ಲಿ ಆತುರ, ಫ್ಲೀಟರದು ನಿರಾಕರಿಸುವುದರಲ್ಲಿ ಆತುರ. ಆದರೆ ಈ ವಾದದಲ್ಲಿ ನಾವು ಗಮನಿಸಬೇಕಾದುದು ಬೇರೊಂದುಂಟು. ಶಾಸನದ ಪಾಠದೊಡನೆ ಅದರ ಪಡಿಯಚ್ಚೂ ಪ್ರಕಟವಾಗುತ್ತಿದ್ದಿತು. ಫ್ಲೀಟರು 'ಈ ಅಕ್ಷರವು ಆ ಶತಮಾನದ್ದಲ್ಲ' ಎಂದರೆ, ಓದುಗನು ಪುಟವನ್ನು ಮಗುಚಿ ಆ ಅಕ್ಷರವನ್ನು ತಾನೇ ನೋಡಬಹುದಾಗಿದ್ದಿತು. ಆಧಾರವು ಓದುಗನ ಕೈಯಲ್ಲಿದ್ದುದರಿಂದ, ಇಬ್ಬರ ಅಧಿಕಾರಪದವಿಗಳೂ ಅಲ್ಲಿ ಲೆಕ್ಕಕ್ಕೆ ಬರುವಂತಿರಲಿಲ್ಲ. ಮುಂದೆ ಪೆನುಕೊಂಡೆಯ ಗಂಗ ತಾಮ್ರಪಟವು ದೊರೆತಾಗ, ಗಂಗರ ಹಳೆಯ ತಾಮ್ರಪಟಗಳೆಂದರೆ ಸಂದೇಹದಿಂದಲೇ ನೋಡುತ್ತಿದ್ದ ಅದೇ ಫ್ಲೀಟರು 1915ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಅಸಲಿಯೆಂದು ಒಪ್ಪಿದರು. ಇದಾದ ಎರಡು ವರ್ಷಗಳಲ್ಲಿ ಅವರು ತೀರಿಕೊಂಡರು. ಒಬ್ಬ ವಿದ್ವಾಂಸನು ತಾನು ವರ್ಷಗಟ್ಟಳೆ ಹಿಡಿದಿದ್ದ ಪಕ್ಷಕ್ಕೆ ಪ್ರತಿಕೂಲವಾದ ಸಾಕ್ಷ್ಯವನ್ನು, ತಾನಾಗಿ, ಅಚ್ಚಿನಲ್ಲಿ ಅಂಗೀಕರಿಸುವುದು ಸಾಮಾನ್ಯವಾದ ಮಾತಲ್ಲ.

ಅದೇ 1915ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮಾಡಿದ ಕೌಟಿಲೀಯ ಅರ್ಥಶಾಸ್ತ್ರದ ಸಂಪೂರ್ಣ ಇಂಗ್ಲಿಷ್ ಭಾಷಾಂತರವು ಪುಸ್ತಕರೂಪವಾಗಿ ಬಂದಿತು. ಅದಕ್ಕೆ ಪೀಠಿಕೆಯ ಮಾತುಗಳನ್ನು ಬರೆದವರೂ ಫ್ಲೀಟರೇ. ಶಾಸ್ತ್ರಿಗಳು ಈ ಕೆಲಸವನ್ನು ಮಾಡಿದ ಕ್ರಮವನ್ನು ಇಂದಿನವರು ನೋಡಬೇಕು. 1905ರಿಂದ ಭಾಷಾಂತರದ ಭಾಗಗಳನ್ನು ಪತ್ರಿಕೆಗಳಲ್ಲಿ ಕಂತುಕಂತಾಗಿ ಪ್ರಕಟಿಸಿ ವಿದ್ವಾಂಸರ ಮುಂದಿಟ್ಟರು. 1909ರಲ್ಲಿ ಸಂಸ್ಕೃತ ಮೂಲವನ್ನು ಅಚ್ಚುಮಾಡಿದರು. ಓಲೆಗ್ರಂಥವು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದುದೆಂಬುದನ್ನು ಮುಚ್ಚಿಡಲಿಲ್ಲ. ಅವರ ಪಾಠವನ್ನು ಮುಂದೆ ಜಾಲಿ, ಗಣಪತಿಶಾಸ್ತ್ರಿ, ಕಾಂಗ್ಲೆ ಮೊದಲಾದವರು ಹೆಜ್ಜೆಹೆಜ್ಜೆಗೂ ತಿದ್ದಿದರು. ಅದರಿಂದ ಶಾಸ್ತ್ರಿಗಳ ಕೀರ್ತಿಗೆ ಕುಂದೇನೂ ಬಂದಿಲ್ಲ. ಆ ಪಂಡಿತರ ಹೆಸರನ್ನೂ ಶಾಸ್ತ್ರಿಗಳು ಕೊಟ್ಟಿದ್ದರೆ ಚೆನ್ನಾಗಿತ್ತೆಂದು ಮಾತ್ರ ನಮಗೆ ಅನಿಸುವುದುಂಟು.

ಇನ್ನು ಇಂದಿನ ಸ್ಥಿತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳ ಲೆಕ್ಕವನ್ನು ತಂದಿತು. ಪ್ರಕಟವಾದ ಲೇಖನವೊಂದಕ್ಕೆ ಇಷ್ಟು ಅಂಕವೆಂದಾದಮೇಲೆ, ಲೇಖನವು ಅಧ್ಯಯನದ ಫಲವಾಗಿರುವುದಕ್ಕೆ ಬದಲಾಗಿ ಬಡ್ತಿಯ ಬಂಡವಾಳವಾಯಿತು. ಬೇಡಿಕೆ ಹುಟ್ಟಿದಲ್ಲಿ ಅಂಗಡಿ ಹುಟ್ಟದಿರುವುದೇ? ಸಂತೆಯ ಹೆಸರನ್ನೇ ಹೊತ್ತ ಊರಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂತೆಯಲ್ಲಿ ತೂಕವು ಸಂದೇಹವೆನಿಸಿದರೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡುವ ರೂಢಿಯುಂಟು. ಈ ಹೊಸ ಸಂತೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಸುಳ್ಳು ತೂಕವೇ ಲಾಭಕರವಾದುದರಿಂದ ದೂರುವವರೇ ಇಲ್ಲ.

ಈ ವಿಚಾರದಲ್ಲಿ ಸರಿಯಾದ ಲೆಕ್ಕವನ್ನು ತೆಗೆದದ್ದು, ನಮ್ಮ ಬೆಂಗಳೂರಿನಿಂದಲೇ 1932ರಿಂದ ಹೊರಡುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನ. 2018ರ ಮಾರ್ಚಿಯಲ್ಲಿ ಬಂದ ಆ ಲೇಖನದ ಕರ್ತೃಗಳು, ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಆಯೋಗದ ಪಟ್ಟಿಗೆ ಸೇರಿಸಿದ್ದ ಪತ್ರಿಕೆಗಳಲ್ಲಿ 1009ನ್ನು ಪರೀಕ್ಷಿಸಿದರು. ವಿಳಾಸವು ನಿಜವೇ, ಸಂಪಾದಕರು ಯಾರು, ಹೇಳಿಕೊಂಡ ಅಂಕಿಗಳು ಸತ್ಯವೇ ಎಂಬಂತಹ ಸಾಮಾನ್ಯ ಪ್ರಶ್ನೆಗಳು ಮಾತ್ರ. ನೂರಕ್ಕೆ ಎಂಬತ್ತೆಂಟಕ್ಕಿಂತಲೂ ಹೆಚ್ಚು ಪತ್ರಿಕೆಗಳು ಈ ಸಾಮಾನ್ಯ ಪರೀಕ್ಷೆಯಲ್ಲಿಯೇ ಸೋತುವು. ಅದೇ ವರ್ಷದ ಮೇ 2ರಂದು ಆಯೋಗವು 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಇಲ್ಲಿ ಒಂದು ಮಾತನ್ನು ಹೇಳದಿರಲಾಗದು: ಆ ಪತ್ರಿಕೆಗಳನ್ನು ಶಿಫಾರಸು ಮಾಡಿದವರು ಹೊರಗಿನವರಲ್ಲ, ವಿಶ್ವವಿದ್ಯಾಲಯಗಳೇ. ಮನೆಯ ಬಾಗಿಲನ್ನು ಒಳಗಿನಿಂದ ತೆಗೆದುಕೊಟ್ಟಮೇಲೆ ಕಳ್ಳನೊಬ್ಬನನ್ನೇ ದೂರಿ ಪ್ರಯೋಜನವೇನು?

ಹೊರದೇಶಗಳಲ್ಲಿಯೂ ಈ ಪಿಡುಗು ಇಲ್ಲದಿಲ್ಲ. 2013ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯವರು, ಬೇಕೆಂದೇ ತಪ್ಪುಗಳನ್ನು ತುಂಬಿದ ಒಂದು ಹುಸಿಲೇಖನವನ್ನು 304 ಪತ್ರಿಕೆಗಳಿಗೆ ಕಳುಹಿಸಿ ನೋಡಿದಾಗ, 157 ಪತ್ರಿಕೆಗಳು ಅದನ್ನು ಸ್ವೀಕರಿಸಿದುವು. ಕಳುಹಿಸಿದ ಪತ್ರಿಕೆಗಳಲ್ಲಿ ಮೂರರಲ್ಲೊಂದು ಪಾಲು ಭಾರತದ್ದೆಂಬುದು ನಾವು ತಲೆತಗ್ಗಿಸಬೇಕಾದ ಮಾತು. ನೆರೆಯ ಹೈದರಾಬಾದಿನ ಒಮಿಕ್ಸ್ ಎಂಬ ಪ್ರಕಾಶನಸಂಸ್ಥೆಯು ಲೇಖಕರನ್ನು ವಂಚಿಸಿತೆಂಬ ಮೊಕದ್ದಮೆಯಲ್ಲಿ, 2019ರಲ್ಲಿ ಅಮೆರಿಕದ ನ್ಯಾಯಾಲಯವು ಅದರ ಮೇಲೆ 5 ಕೋಟಿ ಡಾಲರಿಗೂ ಮೀರಿದ ಹಣದ ತೀರ್ಪನ್ನು ವಿಧಿಸಿತು.

ನಮ್ಮಲ್ಲಿ 2019ರಿಂದ 'ಕೇರ್' ಎಂಬ ಹೊಸ ಪಟ್ಟಿ ನಡೆಯಿತು. 2025ರ ಫೆಬ್ರವರಿಯಲ್ಲಿ ಆಯೋಗವು ಆ ಪಟ್ಟಿಯನ್ನೂ ನಿಲ್ಲಿಸಿ, ಪತ್ರಿಕೆಗಳ ಯೋಗ್ಯತೆಯನ್ನು ಅಳೆಯುವುದಕ್ಕೆ ಕೆಲವು ಸೂಚನೆಗಳನ್ನು ಮಾತ್ರ ಕೊಟ್ಟು, ತೀರ್ಮಾನವನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟಿತು. ತತ್ತ್ವತಃ ಇದು ಸರಿಯೆಂದೇ ನಾವು ಹೇಳುವೆವು. ಪಟ್ಟಿಯನ್ನು ನೋಡಿ ವಿದ್ವತ್ತನ್ನು ತಿಳಿಯುವುದು ಪಂಚಾಂಗವನ್ನು ನೋಡಿ ಮಳೆಯನ್ನು ಅಳೆಯುವಂತೆಯೇ ಸರಿ. ಆದರೆ ಹಿಂದೆ ತಪ್ಪು ಪತ್ರಿಕೆಗಳನ್ನು ಶಿಫಾರಸು ಮಾಡಿದ ಕೈಗಳಿಗೇ ಈಗ ಪೂರ್ಣಾಧಿಕಾರವು ಬಂದಿರುವುದು. ನಮ್ಮ ಚಾಮರಾಜನಗರದಲ್ಲಿಯೂ ಈಗ ಸ್ವತಂತ್ರವಾದ ವಿಶ್ವವಿದ್ಯಾಲಯವಿರುವುದರಿಂದ, ಇದು ದೂರದ ದೆಹಲಿಯ ಮಾತಲ್ಲ.

ಕೃತಿಚೌರ್ಯದ ನಿಯಮವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು. ಕನ್ನಡಕ್ಕೆ ಆಗಿರುವ ಹಾನಿಯು ಇಲ್ಲಿಯೇ ಹೆಚ್ಚು. 2018ರ ಆಯೋಗದ ನಿಯಮದಂತೆ, ಬೇರೆ ಬರೆಹಗಳೊಡನೆ ನೂರಕ್ಕೆ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 60ನ್ನು ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದು. ಆಧಾರವನ್ನು ಹೇಳಿ ಉದ್ಧರಿಸಿದ ಮಾತುಗಳನ್ನು ಈ ಲೆಕ್ಕದಿಂದ ಬಿಟ್ಟಿರುವುದು ಸರಿಯಾದ ಕ್ರಮ. ಆದರೆ ಸಾಮ್ಯವನ್ನು ಹುಡುಕುವ ಯಂತ್ರವು ತನ್ನ ಸಂಗ್ರಹದಲ್ಲಿರುವ ಬರೆಹವನ್ನು ಮಾತ್ರ ಬಲ್ಲುದು. ನಮ್ಮ ಹಿಂದಿನ ತಲೆಮಾರುಗಳ ವಿದ್ವತ್ತಿನ ಬಹುಭಾಗವು 'ಪ್ರಬುದ್ಧ ಕರ್ಣಾಟಕ', ಸಾಹಿತ್ಯ ಪರಿಷತ್ತಿನ ಪತ್ರಿಕೆ ಮೊದಲಾದವುಗಳ ಹಳೆಯ ಸಂಚಿಕೆಗಳಲ್ಲಿಯೂ ಅಭಿನಂದನ ಗ್ರಂಥಗಳಲ್ಲಿಯೂ ಇರುವುದು. ಅವುಗಳಲ್ಲಿ ಕೆಲವು ಛಾಯಾಚಿತ್ರಗಳಾಗಿ ಗಣಕಕ್ಕೆ ಏರಿದ್ದರೂ, ಚಿತ್ರದೊಳಗಿನ ಅಕ್ಷರವನ್ನು ಯಂತ್ರವು ಓದಲೇಬೇಕೆಂಬುದಿಲ್ಲ. ಹೀಗಾಗಿ ಎಂಬತ್ತು ವರ್ಷಗಳ ಹಿಂದಿನ ಲೇಖನವೊಂದನ್ನು ಅಕ್ಷರಶಃ ನಕಲುಮಾಡಿ, ಮೇಲೆ ತನ್ನ ಹೆಸರನ್ನು ಹಾಕಿಕೊಂಡವನಿಗೆ ಯಂತ್ರವು 'ಶೂನ್ಯಸಾಮ್ಯ'ವೆಂಬ ಯೋಗ್ಯತಾಪತ್ರವನ್ನೇ ಕೊಡಬಹುದು. ಇಂಗ್ಲಿಷಿನ ಪ್ರಬಂಧವನ್ನು ಕನ್ನಡಕ್ಕೆ ತಿರುಗಿಸಿ ಸ್ವಂತವೆಂದವನಿಗೂ ಅದೇ ಸುಖ. ಮಾತಿನ ಸಾಮ್ಯವು ಶೇಕಡಾ ಎಷ್ಟೆಂದು ಎಣಿಸುವುದು ಸುಲಭ. ವಿಚಾರವನ್ನು ಕದ್ದುದನ್ನು ಬಲ್ಲವನು ಮೂಲವನ್ನು ಓದಿದ ಮನುಷ್ಯನೇ. ಅಂತಹ ಪರೀಕ್ಷಕರು ನಮ್ಮಲ್ಲಿದ್ದಾರೆ. ಅವರನ್ನು ಕೇಳುವುದಕ್ಕೆ ಸಮಯ ಹಿಡಿಯುವುದು, ಅಷ್ಟೇ. ಮೂರು ದಿನದ ಪತ್ರಿಕೆಗೆ ಆ ಸಮಯವೆಲ್ಲಿಯದು?

ನಮ್ಮ ಸೀಮೆಗೇ ಸೇರಿದ ಇನ್ನೊಂದು ಬಗೆಯ ಅನ್ಯಾಯವುಂಟು. ಮಾದೇಶ್ವರನ ಕಥೆಯನ್ನು ಕಂಸಾಳೆಯವರೂ, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಯೆಲ್ಲ ಹಾಡುವರು. ಹಾಡನ್ನು ಬರೆದುಕೊಂಡವನ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು. ಹಾಡಿದವನ ಹೆಸರು, ಊರು, ಹಾಡಿದ ದಿನ, ಹಾಡುವುದನ್ನು ಅವನಿಗೆ ಕಲಿಸಿದ ಗುರು — ಇವು ಒಂದೂ ಇಲ್ಲದ ಲೇಖನಗಳನ್ನು ನಾವು ಎಷ್ಟೋ ಕಂಡಿರುವೆವು. 'ಕ್ಷೇತ್ರಕಾರ್ಯದಿಂದ ಸಂಗ್ರಹಿಸಿದ್ದು' ಎಂಬುದೊಂದು ಮಾತಿನಿಂದ ಎಲ್ಲವೂ ತೀರಿಹೋಗುವುದು. ಬೇರೊಬ್ಬ ಪ್ರಾಧ್ಯಾಪಕನ ಒಂದು ವಾಕ್ಯವನ್ನು ಹೇಳದೆ ತೆಗೆದುಕೊಂಡರೆ ಚೌರ್ಯವೆನಿಸುವುದಾದರೆ, ನೀಲಗಾರನೊಬ್ಬನ ಸಾವಿರಾರು ಸಾಲುಗಳನ್ನು ಹೆಸರಿಲ್ಲದೆ ತೆಗೆದುಕೊಳ್ಳುವುದಕ್ಕೆ ಯಾವ ಹೆಸರು? ಮಾತು ಜನಪದರದ್ದು, ಯಾರೊಬ್ಬರದೂ ಅಲ್ಲ ಎಂದು ಕೆಲವರು ವಾದಿಸುವರು. ಕಥೆಯು ಎಲ್ಲರದೆಂಬುದು ಸರಿ. ಆ ರಾತ್ರಿಯ ಆ ಹಾಡಿಕೆಯು ಮಾತ್ರ ಒಬ್ಬನದೇ. ಯಾವ ನೀಲಗಾರನ ಪಾಠವೆಂದು ತಿಳಿಯದಿದ್ದರೆ, ಪಾಠಭೇದಗಳನ್ನು ಹೋಲಿಸುವ ವಿಮರ್ಶಕನಿಗೂ ಆ ಸಂಗ್ರಹವು ನಿಷ್ಪ್ರಯೋಜಕವಾಗುವುದು.

ಹೀಗೆಂದು, ಹೆಸರಾಂತ ಪತ್ರಿಕೆಗಳಲ್ಲಿ ಬಂದುದೆಲ್ಲವೂ ಅಪ್ಪಟವೆಂದು ತಿಳಿಯಬಾರದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಹೊರಟು 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಂತಹ ಮೇಲ್ತರಗತಿಯ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳಲ್ಲಿ ಕೈವಾಡವಿರುವುದನ್ನು ಹೊರಗಿನ ಓದುಗರು ತೋರಿಸಿದ ಮೇಲೆ, ವಿಚಾರಣೆ ನಡೆದು, 2021ರಲ್ಲಿ ಪ್ರಬಂಧವು ಹಿಂತೆಗೆಯಲ್ಪಟ್ಟಿತು. ಪ್ರಕಟಣೆಗೆ ಮುಂಚಿನ ಪರೀಕ್ಷೆಯು ಹಿಡಿಯಲಾರದುದನ್ನು ಅನಂತರದ ಓದು ಹಿಡಿಯಿತು. ವರ್ಷದೊಳಗೆ ತಪ್ಪು ಹೊರಬಿದ್ದು, ಹಿಂತೆಗೆತವೂ ಬಹಿರಂಗವಾಗಿಯೇ ಆದುದು ಆ ಪತ್ರಿಕೆಗೂ ಸಂಸ್ಥೆಗೂ ಕಳಂಕವೆಂದು ನಾವು ಬಗೆಯುವುದಿಲ್ಲ.

ಹಿಂತೆಗೆತವೆಂಬ ಮಾತು ಬಂದಾಗ ಕನ್ನಡಿಗರಿಗೆ ಮತ್ತೊಂದು ಹಿಂತೆಗೆತವು ನೆನಪಾಗದಿರದು. ಎಂ. ಎಂ. ಕಲಬುರ್ಗಿಯವರು ತಮ್ಮ 'ಮಾರ್ಗ' ಸಂಪುಟದಲ್ಲಿ ಬಸವಣ್ಣನವರ ಪರಿವಾರವನ್ನು ಕುರಿತು ಬರೆದುದನ್ನು 1989ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಅಲ್ಲಿ ಆಧಾರಗಳನ್ನು ತಂದು ಎದುರಿಗಿಟ್ಟು ಖಂಡಿಸಿದುದರ ಫಲವಾಗಿ ಹಿಂತೆಗೆತವು ನಡೆಯಲಿಲ್ಲ. ಒತ್ತಾಯದಿಂದ, ಮನೆಯವರ ಪ್ರಾಣಭಯದಿಂದ ನಡೆಯಿತು. ಅಂದು ಬೌದ್ಧಿಕವಾಗಿ ತಾನು ಆತ್ಮಹತ್ಯೆ ಮಾಡಿಕೊಂಡೆನೆಂಬ ಅರ್ಥದ ಮಾತನ್ನು ಅವರೇ ಆಡಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರು ಗುಂಡೇಟಿಗೆ ಬಲಿಯಾದರು. ಅವರ ಊಹೆಗಳನ್ನು ಒಪ್ಪದವರು ಅನೇಕರಿರಬಹುದು. ನಾವೂ ಎಲ್ಲವನ್ನೂ ಒಪ್ಪುವವರಲ್ಲ. ಪೆನುಕೊಂಡೆಯ ಪಟವನ್ನು ಫ್ಲೀಟರು ಒಪ್ಪಿದುದಕ್ಕೂ ಇದಕ್ಕೂ ಇರುವ ಅಂತರವನ್ನು ಬಲ್ಲದ ಸಂಪಾದಕನು, ಪರೀಕ್ಷೆಯ ನಿಯಮಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಪಾಲಿಸಿದರೂ, ವಿದ್ವತ್ಪತ್ರಿಕೆಯನ್ನು ನಡೆಯಿಸಲು ಅರ್ಹನಲ್ಲ.

ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆಗಳ ಶಾಸನಗಳನ್ನು ರೈಸರು 1898ರ ನಾಲ್ಕನೆಯ ಸಂಪುಟದಲ್ಲಿ ಕೊಟ್ಟರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಹಿಂದಿನ ಪಾಠಗಳು ತಿದ್ದುಪಡಿಯಾಗಿ, ಹೊಸ ಶಾಸನಗಳೂ ಸೇರಿದುವು. ಇನ್ನೂ ತಿದ್ದಬೇಕಾದುವು ಇದ್ದೇ ಇರುವುವು. ಈ ಸುತ್ತಿನ ಹಳ್ಳಿಯ ಪಾಠಶಾಲೆಯ ಉಪಾಧ್ಯಾಯರೊಬ್ಬರು ತಮ್ಮೂರಿನ ಗುಡಿಯ ಕಲ್ಲಿನಲ್ಲಿ ಒಂದು ಅಕ್ಷರವನ್ನು ಹಿಂದಿನವರು ತಪ್ಪಾಗಿ ಓದಿರುವುದನ್ನು ಕಂಡರೆನ್ನೋಣ. ಅದನ್ನು ಹಣ ಕೇಳದೆ ಸ್ವೀಕರಿಸಿ, ಬಲ್ಲವರೊಬ್ಬರಿಂದ ಕಲ್ಲಿನೆದುರಿನಲ್ಲಿಯೇ ಓದಿಸಿ ನೋಡಿ, ಪಡಿಯಚ್ಚಿನೊಡನೆ ಪ್ರಕಟಿಸುವ ಪತ್ರಿಕೆಗಳು ಇಂದು ಎಷ್ಟಿರುವುವೆಂಬುದನ್ನು ನಮ್ಮ ಜಿಲ್ಲೆಯ ವಿದ್ಯಾಸಂಸ್ಥೆಗಳವರು, ಅಂಕಗಳ ಕೋಷ್ಟಕವನ್ನು ತುಂಬುವುದಕ್ಕೆ ಮುಂಚೆ, ಒಮ್ಮೆ ಎಣಿಸಿ ನೋಡಲಿ.